ಒಂದೇ ಉಸಿರಿನ ಸಾಲು

ಅಪ್ಪಾ,

ಕಳಿಸಲು ವಿಳಾಸವಿಲ್ಲ, ಆದರೂ ನಿನಗೆ ಹೇಳದೆ ಇರಲಾರೆ. ನೀನು ಹೋದ ಮೇಲೆ ಇವತ್ತು ಮೊದಲ ಸಲ ನಿನ್ನ ಕೊಳಲು ತರಗತಿಯ ಮಕ್ಕಳು ವೇದಿಕೆ ಹತ್ತಿದರು. ಶ್ವಾಸಕೋಶದ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಕಾರ್ಯಕ್ರಮ. ಅಮ್ಮ ಬರಲೊಪ್ಪಲಿಲ್ಲ.

ಕೊನೆಗೆ ನೀನೇ ಕಟ್ಟಿದ ಆ ನಿಧಾನದ ಹಾಡನ್ನು ಎತ್ತಿಕೊಂಡರು. ಒಂದೇ ಉಸಿರಿನಲ್ಲಿ ಮುಗಿಯಬೇಕಾದ ಎರಡನೆಯ ಸಾಲಿನ ನಡುವೆ ಎಲ್ಲರೂ ಒಟ್ಟಿಗೆ ನಿಂತು, ಸದ್ದಾಗುವಂತೆ ಉಸಿರೆಳೆದುಕೊಂಡರು. ಅದು ನಿನ್ನ ಉಸಿರು. ಕೊನೆಯ ವರ್ಷ ಉಸಿರು ಸಾಲದೆ ನೀನು ಅಲ್ಲೇ ನಿಲ್ಲುತ್ತಿದ್ದೆ. ಸಭಾಂಗಣದಲ್ಲಿ ಕೂತು, ಅದರ ಹಿಂದೆಯೇ ಬರುತ್ತಿದ್ದ ನಿನ್ನ ಕೆಮ್ಮಿಗೆ ಕಾದೆ.

ಆಮೇಲೆ ಮಕ್ಕಳಲ್ಲೆಲ್ಲ ದೊಡ್ಡವಳನ್ನು ಕೇಳಿದೆ. "ಆ ಸಾಲಿನ ಮಧ್ಯೆ ಯಾಕಮ್ಮ ನಿಲ್ಲಿಸಿದ್ರಿ?"

"ಮೇಷ್ಟ್ರು ಹಾಗೇ ನುಡಿಸ್ತಿದ್ರಲ್ಲ ಅಕ್ಕ! ಆ ಉಸಿರು ಕಲಿಯೋಕೆ ನಮಗೆ ಸಾಕುಸಾಕಾಯ್ತು. ಆ ಜಾಗ ಬಂದ್ರೆ ಎಲ್ಲರಿಗಿಂತ ಮೊದಲು ತಲೆದೂಗ್ತಿದ್ದವರು ನೀವೇ ಅಲ್ವಾ?"

ನಿನಗೆ ಉಸಿರು ಸಾಲದ್ದು ಯಾರಿಗೂ ತಿಳಿಯದಿರಲಿ ಅಂತ ತೂಗಿದ ತಲೆ ಅದು. ಮುಂದಿನ ವಾರದಿಂದ ಹೊಸ ಮಕ್ಕಳಿಗೆ ಅವಳೇ ಪಾಠ ಹೇಳುತ್ತಾಳೆ. ಆ ಉಸಿರನ್ನೂ ಕಲಿಸುತ್ತಾಳೆ. ಬೇಡ ಎನ್ನದೆ ಇವತ್ತೂ ತಲೆದೂಗಿದೆ, ಅಪ್ಪಾ.