ಒಗೆಯುವ ಕಲ್ಲನ್ನು ಮಗುಚಿದ ತಪ್ಪಿಗೆ

ಹಳೆಯ ಕಲ್ಲುಗಳನ್ನು ಕಾಯುವ ಕಚೇರಿಯ ಸಾಹೇಬರಿಗೆ,

ಮಾನ್ಯರೇ, ಹಾಗಾದರೆ ಬಿದ್ದ ಗೋಡೆಯನ್ನು ನಾನು ಎಬ್ಬಿಸಬಾರದು ಎಂದೇ ಆಯಿತು. ನಿನ್ನೆ ನಿಮ್ಮ ಕಚೇರಿಯ ಕಿಟಕಿಯಲ್ಲಿ ಮಾತು ಇಲ್ಲಿಯವರೆಗೆ ಬಂದಿತ್ತು, ಅಷ್ಟರಲ್ಲಿ ಗುಮಾಸ್ತರು ಊಟಕ್ಕೆ ಎದ್ದರು. ಉಳಿದದ್ದನ್ನು ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ಹಳೇಬೀಡಿನಲ್ಲಿ ನಾನು ಕೊಂಡ ಮನೆಯ ಅಡುಗೆಕೋಣೆಯ ಹಿಂಗೋಡೆ ಬಿದ್ದಿದೆ. ಅದರ ಮೇಲೆ ಕೂತಿದ್ದ ತೊಲೆಗಳಿಗೆ ತೆಂಗಿನ ಬೊಡ್ಡೆಗಳನ್ನು ಆನಿಸಿ ನಿಲ್ಲಿಸಿದ್ದೇವೆ. ಮುಂಗಾರಿನ ಒಂದು ಜೋರು ಮಳೆಗೆ ಮಿಕ್ಕದ್ದೂ ಕುಸಿದು ಕೂರುತ್ತದೆ. ಒಳಗೆ ನಾನೂ ನನ್ನ ಅಕ್ಕನೂ ಇರುತ್ತೇವೆ. ಕಟ್ಟಲು ಅಪ್ಪಣೆ ಕೊಡುವವರು ನೀವೊಬ್ಬರೇ, ಕೊಡುತ್ತಿಲ್ಲ.

ನಾನು ಅರಸೀಕೆರೆ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ತಲೆ ನರೆಸಿಕೊಂಡವನು. ಕ್ವಾರ್ಟರ್ಸಿನ ಹಿಂದೆಯೇ ಇಂಜಿನ್ನುಗಳ ಶಂಟಿಂಗ್. ನನ್ನ ಹೆಂಡತಿ ಶಿವಗಂಗಮ್ಮ, ರಿಟೈರಾದ ಮೇಲೆ ಹಳೇಬೀಡಿಗೆ ಹೋಗೋಣ, ಅಲ್ಲಿ ಕಲ್ಲುಗಳು ಸುಮ್ಮನಿರುತ್ತವೆ ಎನ್ನುತ್ತಿದ್ದಳು. ನಾನು ರಿಟೈರಾಗುವ ಮೊದಲೇ ಅವಳು ಹೋದಳು. ಆದರೂ ಅವಳ ಮಾತಿನಂತೆ ಬಸದಿಗಳ ಹತ್ತಿರ ಜೈನರ ಅನಂತನಾಥಯ್ಯನವರ ಮಣ್ಣುಗೋಡೆಯ ಮನೆಯನ್ನು ಕೊಂಡೆ, ಗೆಂಡೆಹಳ್ಳಿಯಲ್ಲಿದ್ದ ಅಕ್ಕ ಸಣ್ಣತಾಯಮ್ಮನನ್ನು ಕರೆತಂದೆ, ಹಾಲು ಉಕ್ಕಿಸಿದೆ. ಅಕ್ಕನಿಗೆ ಒಂದು ಕಣ್ಣು ಮಂಜು, ಬಾಯಿ ಮಾತ್ರ ಚುರುಕು.

ನಾವು ಇಂಟರ್‌ಮೀಡಿಯೆಟ್ ಓದುವಾಗ ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಅವರ ಊರಿನ ಕೋಟೆಯ ಕೆಳಗೆ ನೂರಾರು ವರ್ಷದ ಮನೆಗಳಂತೆ, ಜನ ಅವನ್ನು ಕೊಳ್ಳುತ್ತಾರೆ, ಮಾರುತ್ತಾರೆ, ಚಿಮಣಿ ಸೋರಿದರೆ ಬೈಯುತ್ತಾ ರಿಪೇರಿ ಮಾಡಿಸುತ್ತಾರೆ. "ಇನ್ ಮೈ ಸಿಟಿ ವಿ ಡು ನಾಟ್ ವಿಸಿಟ್ ಹಿಸ್ಟರಿ, ವಿ ಡ್ರೈ ಅವರ್ ಸಾಕ್ಸ್ ಇನ್ ಇಟ್," ಎಂದೇನೋ ಹೇಳಿದ್ದರು, ಚರಿತ್ರೆಯನ್ನು ನಾವು ನೋಡಲು ಹೋಗುವುದಿಲ್ಲ, ಅದರೊಳಗೇ ಸಾಕ್ಸ್ ಒಣಗಿಸುತ್ತೇವೆ ಎಂದು. ಪೂರ್ತಿ ನೆನಪಿಲ್ಲ, ಸಾಕ್ಸ್ ಮಾತ್ರ ಖಂಡಿತ ಇತ್ತು. ಮನೆ ಕೊಳ್ಳುವಾಗ ನನ್ನ ತಲೆಯಲ್ಲಿ ಇದೇ ಇತ್ತು. ನನ್ನ ಸಾಕ್ಸ್ ಒಣಗುವ ಜಾಗದಲ್ಲಿ ಈಗ ನಿಮ್ಮ ನೋಟೀಸು ತೂಗುತ್ತಿದೆ.

ಕಾರಣ ಓದುಗರಿಗೂ ತಿಳಿಯಲಿ. ಹಿತ್ತಲಲ್ಲಿ ಬಟ್ಟೆ ಒಗೆಯುವ ದೊಡ್ಡ ಚಪ್ಪಟೆ ಕಲ್ಲೊಂದಿತ್ತು. ಬಚ್ಚಲ ಮೋರಿ ಅದರ ಕೆಳಗೆ ಹಾದು ಕಟ್ಟಿಕೊಂಡಿತ್ತು. ಗಾರೆ ಕೆಲಸದ ದೇವೀರಪ್ಪ ಗೋಡೆಯ ಬುಡದವರೆಗೆ ಮೋರಿ ಅಗೆದು, ಕಲ್ಲಿಗೆ ಹಾರೆ ಕೊಟ್ಟು ಮಗುಚಿದ. ಕೆಳಮೈಯಲ್ಲಿ ಮದ್ದಳೆ ಬಾರಿಸುವ ಒಬ್ಬ ಹೆಂಗಸು, ಮೂಗು ಮುಕ್ಕಾಗಿದೆ, ನಗು ಹಾಗೇ ಇದೆ. ಅಕ್ಕ ಹತ್ತಿರ ಬಂದು ಕೈಯಾಡಿಸಿ ನೋಡಿದಳು.

"ನಾವು ಮ್ಯಾಲೆ ಬಡಿಯೋವಾಗ ಇವಳು ಕೆಳಗೆ ತಾಳ ಹಾಕ್ತಿದ್ಲು ಕಣ್ಲಾ."

ಸಾಹೇಬರೇ, ಆಗ ನಾನು ಮಾಡಬೇಕಾಗಿದ್ದದ್ದೇನು? ಬೋರಲು ಹಾಕಿ ಮತ್ತೆ ಬಟ್ಟೆ ಕುಕ್ಕುವುದು. ಅಷ್ಟು ಮಾಡಿದ್ದರೆ ಈ ಮನೆ ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ನಾನು ಸೀಗೆಪುಡಿಯಲ್ಲಿ ಉಜ್ಜಿ ತೊಳೆದೆ, ಗೋಡೆಗೆ ಒರಗಿಸಿ ನಿಲ್ಲಿಸಿದೆ, ಅರಿಶಿನ ಕುಂಕುಮ ಹಚ್ಚಿದೆ. ಶುಕ್ರವಾರ ಅಕ್ಕಪಕ್ಕದ ಹೆಂಗಸರು ಹೂವು ತಂದರು. ಮುಂದಿನ ವಾರ ನಿಮ್ಮ ಜೀಪು ಬಂತು. ಸೈಟಿನಲ್ಲಿ ಅಗೆಯುವುದು, ಮುಚ್ಚುವುದು, ಕಟ್ಟುವುದು ಎಲ್ಲ ಬಂದ್, ವಿಚಾರಣೆ ಮುಗಿಯುವವರೆಗೆ. ತೋಡಿದ ಮೋರಿಯನ್ನಾದರೂ ಮುಚ್ಚುತ್ತೇವೆ ಎಂದು ಬೇಡಿಕೊಂಡೆ. ಮುಚ್ಚುವುದೂ ಕಾಮಗಾರಿಯೇ ಎಂದರು ನಿಮ್ಮವರು. ಆಮೇಲೆ ಒಂದು ಅಕಾಲದ ಮಳೆ ಬಂತು, ಮೋರಿ ತುಂಬಿತು, ಮಣ್ಣುಗೋಡೆ ಬುಡದಿಂದ ನೆನೆದು ಹೊರಕ್ಕೆ ಒರಗಿತು. ಕಲ್ಲಿಗೆ ಏನೂ ಆಗಲಿಲ್ಲ. ಮೊದಲೇ ನಿಮ್ಮವರು ಅದನ್ನು ನಾಲ್ಕು ಗಜ ಆಚೆ ಸರಿಸಿ ಬೇಲಿ ಕಟ್ಟಿದ್ದರು. ಗೋಡೆಗೆ ಬೇಲಿ ಕಟ್ಟುವವರು ಯಾರು? ಹಳೆಯದಾಗಿದ್ದರೆ ಸಾಕು, ಕಲ್ಲಿಗೆ ರಕ್ಷಣೆ ಉಂಟು. ನನಗೂ ಅಕ್ಕನಿಗೂ ವಯಸ್ಸು ಇನ್ನೂ ಸಾಲದೇ?

ಮನೆ ಮಾರಿದ ಅನಂತನಾಥಯ್ಯನವರನ್ನು ಕೇಳಿದೆ. ಕಲ್ಲಿನ ಕೆತ್ತನೆ ಅವರ ಅಜ್ಜಿಗೂ ಗೊತ್ತಿತ್ತಂತೆ. ಗೊತ್ತಿದ್ದೇ ಮುಖ ಕೆಳಗೆ ಮಾಡಿಟ್ಟಿದ್ದರಂತೆ. "ಈ ಊರಲ್ಲಿ ಯಾರ ಹಿತ್ತಲಲ್ಲಿ ಕಲ್ಲಿಲ್ಲ ಸ್ವಾಮಿ? ಯಾರೂ ಮಗುಚಿ ನೋಡೋದಿಲ್ಲ. ನೀವು ಅರಸೀಕೆರೆಯೋರು, ನಿಮಗೆ ತಿಳೀಲಿಲ್ಲ," ಎಂದರು. ನಿಮ್ಮ ಕಾನೂನು ಈ ಊರಿಗೆ ಕಲಿಸಿರುವ ಭಕ್ತಿ ಇದು.

ದೇವೀರಪ್ಪ ಮೊನ್ನೆ ಬಂದು, ಬೇಲಿ ಬಿಚ್ಚಿ ಕಲ್ಲನ್ನು ಬೋರಲು ಹಾಕಿಬಿಡೋಣ, ಕುಂಕುಮ ತೊಳೆದುಹೋದರೆ ಆಫೀಸಿನವರೂ ಮರೆಯುತ್ತಾರೆ ಎಂದ. ನಿಜ ಹೇಳುತ್ತೇನೆ, ನಾನು ಎದ್ದು ಪಂಚೆ ಎತ್ತಿ ಕಟ್ಟಿದೆ. ಅಕ್ಕ ಜಗಲಿಯ ಒಲೆಯ ಮುಂದಿನಿಂದ ಕೂಗಲಿಲ್ಲ, ಮೆಲ್ಲಗೆ ಕೇಳಿದಳು.

"ಮಖ ನೋಡಿದ್ಮೇಲೆ ಅವಳ ಬೆನ್ನಿಗೆ ಬಟ್ಟೆ ಬಡಿಯೋಕೆ ಕೈ ಬತ್ತದೇನ್ಲಾ?"

ಬರುವುದಿಲ್ಲ. ಮಂಜುಗಣ್ಣಿನ ಅಕ್ಕ ಈಗ ಬಟ್ಟೆ ಹೊತ್ತು ಕೆರೆಗೆ ಹೋಗುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ. ಆ ಹೆಂಗಸನ್ನು ನೀವೇ ಕರೆದುಕೊಂಡು ಹೋಗಿ, ನೆರಳಿರುವ ಕಡೆ ನಿಲ್ಲಿಸಿ. ಇಲ್ಲವೇ ಇಲ್ಲೇ ಇರಲಿ, ನಾವು ನೋಡಿಕೊಳ್ಳುತ್ತೇವೆ. ಎರಡರಲ್ಲಿ ಯಾವುದಾದರೂ ಸರಿ, ಗೋಡೆ ಕಟ್ಟಲು ಮಾತ್ರ ಈ ವಾರವೇ ಅಪ್ಪಣೆ ಕೊಡಿ. ವಿಚಾರಣೆ ಆಮೇಲೆ ನಿಧಾನವಾಗಿ ನಡೆಯಲಿ, ನಮ್ಮ ಮನೆಯೊಳಗೇ ಕೂತು ನಡೆಸಿ, ಅಕ್ಕ ಕಾಫಿ ಕೊಡುತ್ತಾಳೆ. ತಡಮಾಡಿದರೆ ನಿಮಗೆ ಇನ್ನೊಂದು ಪಾಳು ಸಿಗುತ್ತದೆ, ಅದರ ಕೆಳಗೆ ಸಿಕ್ಕವರನ್ನು ಯಾವ ಕಾಲದವರೆಂದು ಬರೆದುಕೊಳ್ಳುತ್ತೀರಿ?

ಇನ್ನೂ ಹೇಳುವುದಿತ್ತು, ಬೆಳಕು ಸಾಲದು, ಸಾಲು ಸೊಟ್ಟಗಾಗುತ್ತಿದೆ. ಸಂಜೆಯಾಯಿತು ಎಂದು ತಲೆ ಎತ್ತಿದೆ. ಗಡಿಯಾರದಲ್ಲಿ ಇನ್ನೂ ಮೂರು ಗಂಟೆ. ಗೋಡೆ ಇದ್ದ ಜಾಗದಲ್ಲಿ ಬೇಲೂರಿನ ಕಡೆಯ ಆಕಾಶ ಪೂರ್ತಿ ಕಾಣುತ್ತದೆ, ಮೋಡ ಕಟ್ಟಿದೆ. ಅಕ್ಕ ಒಲೆ ಆರಿಸಿ ಪಾತ್ರೆಗಳನ್ನು ಒಳಕ್ಕೆ ಸಾಗಿಸುತ್ತಿದ್ದಾಳೆ.

ಇಂತಿ,
ಸ್ವಂತ ಮನೆಯಲ್ಲೇ ಅಪ್ಪಣೆಗೆ ಕಾದಿರುವ
ರೇವಣಸಿದ್ದಪ್ಪ
ಹಳೇಬೀಡು, ಮೇ ೧೯೭೯