ಎರಡು ಚಮಚ ಹಾಲು

ಕಲಬುರಗಿ,
೧೪ ನವೆಂಬರ್, ಶುಕ್ರವಾರ

ಪರಮಪೂಜ್ಯ ಡಾಕ್ಟರ್ ಬಂಡು ಕಾಕಾ ಅವರ ಚರಣಗಳಿಗೆ ಅತುಲನ ಸಾಷ್ಟಾಂಗ ನಮಸ್ಕಾರ.

ಸೋಲಾಪುರದಲ್ಲಿ ಆರೋಗ್ಯ ಹೇಗಿದೆ? ಶುಗರ್ ಇದ್ದವರು ನಿಮ್ಮಕ್ಕ, ನಮ್ಮ ಆತ್ಯಾ, ಮಾಡಿದ ಶ್ರೀಖಂಡದ ಮುಂದೆ ಕೂತಿದ್ದೀರೆಂದು ಅಜ್ಜಿಗೆ ಚಿಂತೆ. ಐದು ದಿನದಿಂದ ನೀವು ಫೋನ್ ಎತ್ತುತ್ತಿಲ್ಲ. ಆದಕಾರಣ ಈ ಸ್ಪೀಡ್ ಪೋಸ್ಟು. ಇದನ್ನು ತೆಗೆದುಕೊಳ್ಳಲು ನೀವು ಸಹಿ ಹಾಕಲೇಬೇಕು.

ನೀವಿಲ್ಲದಾಗ ನಾನು ದವಾಖಾನೆಯಲ್ಲಿ ಘೋರ ಅಪರಾಧ ಮಾಡಿದ್ದೇನೆ: ಪ್ರಾಣಿಗಳ ನಾಡಿ, ಆಕ್ಸಿಜನ್ ತೋರಿಸುವ ಮಾನಿಟರಿನ ಪುಸ್ತಕ ಓದಿದ್ದೇನೆ. ನಾಲ್ಕು ವರ್ಷದಿಂದ ಅದರ ಪ್ಲಾಸ್ಟಿಕ್ ಚೀಲವನ್ನೂ ಯಾರೂ ಹರಿದಿರಲಿಲ್ಲ. ನಮ್ಮ ಯಂತ್ರ ದೊಡ್ಡ ನಾಯಿಯ ಲೆಕ್ಕಕ್ಕೆ ಇತ್ತಂತೆ. ನಾಡಿ ನೂರನಲವತ್ತು ದಾಟಿದರೆ ಕೂಗುತ್ತಿತ್ತು. ಬೆಕ್ಕಿನ ನಾಡಿ ನೂರೆಂಬತ್ತು ಓಡುವುದು ಸಹಜ. ಹೀಗಾಗಿ ಪ್ರತಿ ಬೆಕ್ಕಿಗೂ ಬೊಬ್ಬೆ. ನೀವೇನು ಮಾಡಿದಿರಿ? "ಹೊರಗ ಕೂತ ಮಂದಿ ಅಂಜತಾರಲೇ, ಬಂದ್ ಮಾಡದನ್ನ" ಎಂದು ಎಲ್ಲ ಅಲಾರಂ ಬಂದ್ ಮಾಡಿಸಿದಿರಿ, ಆಕ್ಸಿಜನ್ನಿನದೂ ಸೇರಿ. ಬಟನ್ ಒತ್ತಿದ ಬೆರಳು ನನ್ನದೇ, ಒಪ್ಪಿದೆ. ಈಗ "ಬೆಕ್ಕು" ಎಂದು ಆರಿಸಿ, ನಾಡಿಗೆ ಕೆಳಗೆ ನೂರು, ಮೇಲೆ ಇನ್ನೂರನಲವತ್ತು, ಆಕ್ಸಿಜನ್ನಿಗೆ ಕೆಳಗೆ ತೊಂಬತ್ತೈದು ಇಟ್ಟೆ. ಹಿಡಿದದ್ದು ಮೂರು ನಿಮಿಷ. ಅಷ್ಟರಲ್ಲಿ ನಿಮ್ಮ ಚಹಾ ಕೂಡ ಆರುವುದಿಲ್ಲ!

ಹೌದು, ಹಿಂದೊಮ್ಮೆ ತಮಾಷೆಗೆ ಬಾಯಲ್ಲಿ ಟೀ ಟೀ ಎಂದು ಅಲಾರಂ ಕೂಗಿ, ಕೈಯಲ್ಲಿದ್ದ ಮಿರ್ಚಿ ಭಜಿ ಸಮೇತ ನಿಮ್ಮನ್ನು ಯಂತ್ರದತ್ತ ಓಡಿಸಿದ ಪಾಪಿ ನಾನೇ. ಕಳೆದ ಶನಿವಾರ ಮಾತ್ರ ನಾನೂ ಕೂಗಲಿಲ್ಲ, ಯಂತ್ರವೂ ಕೂಗಲಿಲ್ಲ. ಕುಲ್ಸುಮ್ ಆಪಾ ಕಮಲಾಪುರದಿಂದ ಬಸ್ಸಿನಲ್ಲಿ, ಬುಟ್ಟಿಯೊಳಗೆ, ಮರಿಯಾಗದ ಆಪರೇಶನ್ನಿಗೆಂದು ತಂದ ಬೆಕ್ಕು. ನಾವಿಬ್ಬರೂ ಹೊಲಿಗೆಯ ಮೇಲೆ ಬಗ್ಗಿದ್ದೆವು. ತಲೆ ಎತ್ತಿದಾಗ ನಾಲಿಗೆ ನೀಲಿ, ಪರದೆಯ ಮೇಲೆ ಆಕ್ಸಿಜನ್ ಐವತ್ತೆಂಟು. ಎಷ್ಟು ಹೊತ್ತಿನಿಂದ ಹಾಗಿತ್ತೋ! ಉಸಿರಿನ ಕೊಳವೆ ಜಾರಿತ್ತು. ನೀವು ಮತ್ತೆ ಕೂಡಿಸಿದಿರಿ, ಎದೆ ಒತ್ತಿದಿರಿ. ಜೀವ ಬರಲಿಲ್ಲ.

ಆಮೇಲೆ ಹೊರಗೆ ಹೋಗಿ ಆಪಾ ಅವರನ್ನು ಕೇಳಿದಿರಿ, "ಮುಂಜಾನಿ ಏನರೆ ತಿನ್ನಿಸಿದ್ದೇನವಾ?" ಅವರು ಅಂಜುತ್ತ, "ಎರಡ ಚಮಚಾ ಹಾಲ ಕೊಟ್ಟಿದ್ದೆ ರೀ, ಭಾಳ ಒದರಾಕತ್ತಿತ್ತು" ಅಂದರು. "ಅದಕ್ಕ ಆತು ನೋಡು!" ಎಂದಿರಿ. ಅರಿವಳಿಕೆಯಲ್ಲಿ ಹೊಟ್ಟೆಯ ಹಾಲು ಮೇಲೆ ಬಂದು ಉಸಿರು ಕಟ್ಟಬಹುದು, ನಿಜ. ಆದರೆ ಗಂಟಲಲ್ಲಿ ಒಂದು ಹನಿ ಹಾಲಿರಲಿಲ್ಲ, ಕಾಕಾ. ನೀವೂ ನೋಡಿದಿರಿ, ನಾನೂ ನೋಡಿದೆ. ಮರುದಿನವೇ ನಿಮಗೆ ಅಕ್ಕನ ನೆನಪು ಉಕ್ಕಿ ಬಂದು ಸೋಲಾಪುರದ ಗಾಡಿ ಹತ್ತಿದಿರಿ!

ಕೊಳವೆ ಯಾರ ಕೈಯಲ್ಲಾದರೂ ಜಾರುತ್ತದೆ. ಅಲಾರಂ ಬಂದ್ ಮಾಡಿದ್ದು ನಮ್ಮಿಬ್ಬರ ದಡ್ಡತನ ಎನ್ನೋಣ. ಆದರೆ ಆ ಎರಡು ಚಮಚ ಹಾಲನ್ನು ನೀವು ಆಪಾ ಅವರ ತಲೆಗೆ ಕಟ್ಟಿದ್ದು ನೆನೆದರೆ ಮೈ ಉರಿಯುತ್ತದೆ. ನಿಮ್ಮ ಕಾಲಿಗೆ ಬೀಳುವ ನಮಸ್ಕಾರವನ್ನು ಮೇಲಿನ ಸಾಲಿನಲ್ಲಿ ಬರೆದುಬಿಟ್ಟಿದ್ದೇನೆ, ಇಲ್ಲದಿದ್ದರೆ ಅಳಿಸುತ್ತಿದ್ದೆ.

ಅಜ್ಜಿಯ ಆಶೀರ್ವಾದ ನಿಮಗೆ. ಆತ್ಯಾಗೆ ನನ್ನ ನಮಸ್ಕಾರ, ಅದು ಸಿಟ್ಟಿಲ್ಲದ್ದು.

ಇತಿ, ನಿಮ್ಮ ಅಣ್ಣನ ಮಗ,
ಅತುಲ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತು, ಗಡಿಬಿಡಿಯಲ್ಲಿದ್ದೇನೆ. ನಿನ್ನೆ ಕಮಲಾಪುರಕ್ಕೆ ಹೋಗಿ ಆಪಾಗೆ ಎಲ್ಲ ಹೇಳಿದೆ. ನನ್ನ ತಮಾಷೆಗಳು ಗೊತ್ತಿದ್ದವರು, "ಮಸ್ಕಿರಿ ಮಾಡಬ್ಯಾಡೋ ಅತುಲ್" ಅಂದರು. ಮೂರು ಸಲ ಹೇಳಿದ ಮೇಲೆ ನಂಬಿ ಅತ್ತರು. "ಅವತ್ತಿಂದ ಮನಿಗಿ ಹಾಲ ತಂದಿಲ್ಲಪಾ" ಅಂದರು. ಬರುವ ಗುರುವಾರ ದವಾಖಾನೆಗೆ ಬರುತ್ತಾರೆ. ನಿಮ್ಮ ಬಾಯಿಂದಲೇ ಕೇಳಬೇಕಂತೆ. ನೀವು ಬರದಿದ್ದರೆ ಸೋಲಾಪುರದ ವಿಳಾಸ ಅವರ ಬಳಿ ಇದೆ. ಬರೆದುಕೊಟ್ಟವನು ನಾನು.