ಅಪ್ಪನ ಕಲ್ಲಿನ ಮೇಲೆ ಕೆತ್ತಿದ ರಾಗ

ಕ್ರ್ಯಾಡ್ಲಿ ಹೀತ್,
೧೪ ಅಕ್ಟೋಬರ್ ೨೦೨೧

ಪ್ರೀತಿಯ ತಮ್ಮ ಕ್ಲೆಮೆಂಟ್,

ದೇವರ ಕೃಪೆ ನಿನ್ನ ಮೇಲೆಯೂ ಅಡಿಲೇಡಿನ ನಿನ್ನ ಮನೆಮಂದಿಯ ಮೇಲೆಯೂ ಇರಲಿ. ಮೊಣಕಾಲಿನ ಶಸ್ತ್ರಚಿಕಿತ್ಸೆಯ ತರುವಾಯ ಕೋಲಿಲ್ಲದೆ ನಡೆಯುತ್ತಿರುವೆಯಾ? ಚಳಿಯೊಡನೆ ನನ್ನ ಬೆರಳುಗಳ ಸಂದುನೋವು ಮರಳಿದೆ. ಆದರೂ ಪ್ರಾರ್ಥನಾ ಮಂದಿರದ ಆರ್ಗನ್ ನುಡಿಸುವುದಕ್ಕೆ ಅದಿನ್ನೂ ಅಡ್ಡಿಯಾಗಿಲ್ಲ.

ಹಿಮಕ್ಕೆ ಸೀಳಿದ್ದ ಅಪ್ಪನ ಸಮಾಧಿಕಲ್ಲನ್ನು ತೆಗೆಸಿ, ಸೋಮವಾರ ಹೊಸದನ್ನು ನಿಲ್ಲಿಸಿಯಾಯಿತು. ಅವರ ಅಂತ್ಯಸಂಸ್ಕಾರದಂದು ನಾನು ನುಡಿಸಿದ ರಾಗದ ಮೊದಲ ಸಾಲನ್ನು ಅದರ ಮೇಲೆ ಸ್ವರಲಿಪಿಯಲ್ಲಿ ಕೆತ್ತಿಸಬೇಕೆಂದು ಮೂರು ಪತ್ರಗಳಲ್ಲಿ ಬೇಡಿಕೊಂಡಿದ್ದೆಯಷ್ಟೆ, ಕೆತ್ತಿಸಿದ್ದೇನೆ. ಅಂದು ನೀನು ಕಣ್ಣೊರೆಸಿಕೊಳ್ಳುತ್ತ ಬಂದು, "ಅಪ್ಪ ದೇವರ ಪಕ್ಕದಲ್ಲೇ ಕೂತಂಗೆ ಕಂಡ್ರು ಕಣಣ್ಣಾ. ಯಾರದ್ದು ಈ ರಾಗ?" ಎಂದು ಕೇಳಿದ್ದೆ. ಹಳಬರದ್ದು ಎಂದಷ್ಟೇ ನಾನು ಹೇಳಿದ್ದೆ.

ಕಲ್ಲಿನ ಮುಂದೆ ನಿಂತಾಗ ಸಾವಿರದ ಒಂಬೈನೂರ ಎಪ್ಪತ್ತೆರಡರ ಬೇಸಿಗೆ ನೆನಪಾಯಿತು. ನಮ್ಮೂರ ಸರಪಳಿ ಕಾರ್ಖಾನೆಗಳ ನಾಲ್ವರು ಹುಡುಗರ 'ಕುಲುಮೆಯ ಭಾನುವಾರ' ಎಂಬ ರಾಕ್ ಆಲ್ಬಮ್ ಆಗಷ್ಟೇ ಅಂಗಡಿಗೆ ಬಂದಿತ್ತು. ಪುಸ್ತಕದಂತೆ ತೆರೆದುಕೊಳ್ಳುವ ಆ ಹೊದಿಕೆ, ಅದರ ಮಸಿಯ ವಾಸನೆ, ಮುಳ್ಳು ಇಳಿದೊಡನೆ ಹಾಡಿಗೆ ಮುನ್ನ ಕೇಳಿಸುವ ಆ ಚಿಟಪಟ! ಆ ತಟ್ಟೆಯನ್ನು ಕೊಂಡು ತಂದು ಮಂಚದ ಕೆಳಗೆ ಬಚ್ಚಿಟ್ಟು, ನೆರೆಮನೆಯ ಗ್ರಾಮಫೋನಿನಲ್ಲಿ ಕದ್ದು ಕೇಳುತ್ತಿದ್ದೆ. ಎರಡನೆಯ ಮಗ್ಗುಲಿನ ಮೂರನೆಯ ಹಾಡಿನಲ್ಲಿ ಗಿಟಾರುಗಳೆಲ್ಲ ಮೌನವಾಗಿ ಆರ್ಗನ್ ಒಂದೇ ಮೇಲೇಳುವಾಗ, ಬದುಕಿನಲ್ಲಿ ನಾನೇನಾಗಬೇಕೆಂಬುದು ನನಗೆ ತಿಳಿದುಹೋಯಿತು. ಹದಿಮೂರು ದಿನ ಮಾತ್ರ ಅದು ನನ್ನದಾಗಿತ್ತು. ಹದಿನಾಲ್ಕನೆಯ ದಿನ, ಆಲೂಗಡ್ಡೆ ಬಡಿಸಿಕೊಳ್ಳುತ್ತ ನೀನು ಅಂದೆ: "ಅಣ್ಣನ ಮಂಚದ ಕೆಳಗೆ ಸೈತಾನ ಬಾಡಿಗೆಗೆ ಬಂದಿದಾನೆ, ನೋಡಪ್ಪಾ." ಅಮ್ಮ ಕೂಡ ನಕ್ಕಳು. ವಾರವೆಲ್ಲ ಸರಪಳಿ ಬಡಿದು ಭಾನುವಾರ ಉಪದೇಶ ಮಾಡುತ್ತಿದ್ದ ಅಪ್ಪ ನಗಲಿಲ್ಲ. ಪ್ರಾರ್ಥನಾ ಮಂದಿರದಲ್ಲಿ ಸಭೆಯೆದುರು ನನ್ನನ್ನು ನಿಲ್ಲಿಸಿ, ಆ ತಟ್ಟೆಯನ್ನು ಕೈಗಿತ್ತು, "ನಿನ್ ಕೈಯಾರೆ ಮುರಿ. ಹಿಂದಿನ ಬೆಂಚಿಗೂ ಕೇಳ್ಬೇಕು" ಎಂದರು. ಮುರಿದೆ. ಮುಂದಿನ ಬೆಂಚಿನಲ್ಲಿ ನೀನು ನಗು ತಡೆಯಲಾರದೆ ಕರವಸ್ತ್ರ ಕಚ್ಚಿಕೊಂಡಿದ್ದೆ.

ಪ್ರತೀಕಾರವು ದೇವರಿಗೆ ಮೀಸಲು, ಮನುಷ್ಯನಿಗಲ್ಲ ಎಂಬುದನ್ನು ಬಲ್ಲೆ. ಆ ವಿಷಯವಾಗಿ ಅಪ್ಪ ಮಾಡಿದ ಹನ್ನೊಂದು ಉಪದೇಶಗಳಿಗೂ ಮುನ್ನ ಆರ್ಗನ್ ನುಡಿಸಿದವನು ನಾನೇ.

ಐವಿಗೆ ನನ್ನ ವಂದನೆ, ಮೊಮ್ಮಕ್ಕಳಿಗೆ ಆಶೀರ್ವಾದ. ದೇವರ ಶಾಂತಿ ನಿನ್ನ ಹೊಸ್ತಿಲನ್ನು ಕಾಯಲಿ.

ನಿನ್ನ ಅಣ್ಣ,
ರೂಬೆನ್

ಮರೆತ ಮಾತು: ರಾಗ ಯಾರದ್ದೆಂದು ಕೇಳಿದ್ದೆಯಲ್ಲ, 'ಕುಲುಮೆಯ ಭಾನುವಾರ', ಎರಡನೆಯ ಮಗ್ಗುಲು, ಮೂರನೆಯ ಹಾಡು. ನಾಲ್ಕು ಪಟ್ಟು ನಿಧಾನವಾಗಿ ನುಡಿಸಿದರೆ ಯಾವ ಹಾಡಾದರೂ ಪಾವನವೆನಿಸುತ್ತದೆ. ಉಪದೇಶಕ್ಕೆ ಮುನ್ನ ನಾನದನ್ನು ನುಡಿಸಿದಾಗಲೆಲ್ಲ ಅಪ್ಪನೇ ಹದಿನೈದು ವರ್ಷ ಅದಕ್ಕೆ ಕಣ್ಣುಮುಚ್ಚಿ ತಲೆಬಾಗಿಸಿದ್ದರು. ನಿನ್ನೆ ಚರ್ಮದ ಜಾಕೆಟ್ಟಿನ ನರೆಗಡ್ಡದವನೊಬ್ಬ ಕಲ್ಲಿನ ಮುಂದೆ ನಿಂತು, ಸ್ವರಗಳನ್ನು ಗುನುಗಿ ನೋಡಿ, ಪಕ್ಕದಲ್ಲಿದ್ದ ನನ್ನತ್ತ ಮುಖವರಳಿಸಿ, "ನಿಮ್ಮಪ್ಪಾನೂ ನಮ್ಮಂಗೆ ಈ ಹಾಡಿನ ಹುಚ್ಚರೇ ಏನ್ರೀ?" ಎಂದ. "ಊರಲ್ಲೇ ಅವರಷ್ಟು ಹುಚ್ಚು ಇನ್ಯಾರಿಗೂ ಇರ್ಲಿಲ್ಲ" ಎಂದೆ. ಆತ ಟೋಪಿ ತೆಗೆದು ಅಪ್ಪನಿಗೆ ನಮಿಸಿದ.